ಅಂತಃಸಾಕ್ಷಿಗೆ ಸಮನ್ಸ್ ಇಲ್ಲ



ಯಾವ ವಿಷಯ ಮಾತಾಡುತ್ತೀರಿ ಎಂದು ಸಂಘಟಕರು ಫೋನಿನಲ್ಲಿ ಕೇಳಿದಾಗ, 'ಸರ್ಕಾರ ನಾಸ್ತಿಕತೆಯನ್ನು ನಿಷೇಧಿಸಬೇಕೆ?' ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, 'ಸಾರ್, ನಮ್ಮ ಕಾರ್ಯಕ್ರಮ ಶುರುವಾಗೋದೇ ಪ್ರಾರ್ಥನೆಯಿಂದ, ಪರವಾಗಿಲ್ವಾ?' ಅಂದರು. ಏನೂ ಪರವಾಗಿಲ್ಲ ಅಂದೆ. ಈಗಷ್ಟೇ ಹಾಡಿದ ಹುಡುಗಿಯ ಕಂಠ ಚೆನ್ನಾಗಿತ್ತು, ಎಲ್ಲರ ಜೊತೆ ನಾನೂ ಎದ್ದು ನಿಂತಿದ್ದೆ. ನಾನು ಆಸ್ತಿಕನೋ ನಾಸ್ತಿಕನೋ ಎಂಬುದನ್ನು ಮಾತ್ರ ಇವತ್ತು ಹೇಳುವುದಿಲ್ಲ. ಹೇಳದೆ ಇರುವ ಹಕ್ಕು ಕೂಡ ಈ ವಿಷಯದೊಳಗೇ ಸೇರಿದ್ದು.

ವಕೀಲಿ ಶುರು ಮಾಡಿದ ಹೊಸದರ ಒಂದು ಪ್ರಸಂಗದಿಂದ ಆರಂಭಿಸುತ್ತೇನೆ. ತಾಲ್ಲೂಕಿನ ಮುನ್ಸೀಫ್ ಕೋರ್ಟು. ಎರಡು ಜಮೀನಿನ ನಡುವಿನ ಬದುವಿನ ತಕರಾರು. ಎದುರು ಪಕ್ಷದ ಸಾಕ್ಷಿಯಾಗಿ ಬಂದವರು ನಿವೃತ್ತರಾದ ಪ್ರೈಮರಿ ಶಾಲೆಯ ಮೇಷ್ಟರು. ಬೆಂಚ್ ಕ್ಲರ್ಕು ಎಂದಿನ ರಾಗದಲ್ಲಿ 'ದೇವರ ಮೇಲೆ ಪ್ರಮಾಣ ಮಾಡಿ' ಎಂದು ಎಳೆಯುತ್ತಿದ್ದಂತೆ ಮೇಷ್ಟರು ಕೈ ಅಡ್ಡ ಹಿಡಿದು, 'ಸ್ವಾಮಿ, ನನಗೆ ದೇವರಲ್ಲಿ ನಂಬಿಕೆ ಇಲ್ಲ. ಸತ್ಯ ಹೇಳ್ತೀನಿ, ಅಷ್ಟು ಸಾಲದೆ?' ಅಂದರು. ನ್ಯಾಯಾಧೀಶರು ತಲೆ ಎತ್ತಿ ಕನ್ನಡಕದ ಮೇಲಿಂದ ಒಂದು ಸಲ ನೋಡಿ, 'ಸಾಕು, ಬರಕೊಳ್ರಿ' ಅಂದರು.

ನನಗೆ ಹಬ್ಬವಾಯಿತು. ಪಾಟೀಸವಾಲಿಗೆ ಎದ್ದವನೇ ಕೇಳಿದೆ: 'ಮೇಷ್ಟ್ರೆ, ನೀವು ದೇವರನ್ನೇ ನಂಬೋದಿಲ್ಲ. ನಿಮ್ಮನ್ನ ಈ ಕೋರ್ಟು ಯಾಕೆ ನಂಬಬೇಕು?' ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ಮೇಷ್ಟರು ಸಿಟ್ಟಾಗಲಿಲ್ಲ. 'ನಂಬಬೇಡಿ ಸ್ವಾಮಿ. ಸರ್ವೇಯರನ್ನ ಕರೆಸಿ, ಸರಪಳಿ ಹಿಡಿಸಿ' ಅಂದರು. ಮುಂದೆ ಕೋರ್ಟ್ ಕಮಿಷನರ್ ಹೋಗಿ ಅಳತೆ ಮಾಡಿಸಿದರು. ನನ್ನ ಕಕ್ಷಿದಾರ ಎರಡು ಗುಂಟೆ ಆಚೆಗೆ ಕೈ ಚಾಚಿದ್ದ. ದಾವೆ ಹೋಯಿತು. ಅಂದಹಾಗೆ ನನ್ನ ಕಕ್ಷಿದಾರ ದೇವರ ಮೇಲೆ ಪ್ರಮಾಣ ಮಾಡುವಾಗ ಎರಡೂ ಕಣ್ಣು ಮುಚ್ಚಿ ಕೈ ಮುಗಿದಿದ್ದ.

ಅವತ್ತು ಬಹಳ ಚುರುಕಾದ ಪ್ರಶ್ನೆ ಕೇಳಿದೆ ಎಂದುಕೊಂಡಿದ್ದೆ. ಅದು ನನ್ನದಲ್ಲ, ಮುನ್ನೂರು ವರ್ಷ ಹಳೆಯದು ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಇಂಗ್ಲೆಂಡಿನ ಜಾನ್ ಲಾಕ್ 1689ರಲ್ಲಿ ಪರಮತ ಸಹನೆಯ ಬಗ್ಗೆ ಒಂದು ಪತ್ರರೂಪದ ಪುಸ್ತಕ ಪ್ರಕಟಿಸಿದ. ದಂಡನಾಧಿಕಾರಿಯ ಕೈಗೆ ಕತ್ತಿ ಇದೆ, ಆದರೆ ಕತ್ತಿಯಿಂದ ನಂಬಿಕೆ ಹುಟ್ಟುವುದಿಲ್ಲ, ಆದ್ದರಿಂದ ಸರ್ಕಾರಕ್ಕೂ ಆತ್ಮಕ್ಕೂ ಸಂಬಂಧವಿಲ್ಲ ಎಂಬುದು ಅದರ ವಾದ. ಇವತ್ತಿಗೂ ಅದಕ್ಕಿಂತ ಗಟ್ಟಿಯಾದ ವಾದ ನನಗೆ ಸಿಕ್ಕಿಲ್ಲ. ಅಷ್ಟು ಹೇಳಿದ ಲಾಕ್ ಕೊನೆಯ ಪುಟಗಳಿಗೆ ಬಂದಾಗ ಒಂದು ಬಾಗಿಲಿಗೆ ಚಿಲಕ ಹಾಕಿಬಿಟ್ಟ: ದೇವರಿಲ್ಲ ಎನ್ನುವವರನ್ನು ಮಾತ್ರ ಸಹಿಸಕೂಡದು. ಕಾರಣ? ಮಾತು, ಕರಾರು, ಆಣೆ, ಈ ಮೂರೇ ಸಮಾಜವನ್ನು ಕಟ್ಟಿರುವ ಹಗ್ಗ, ದೇವರ ಭಯವಿಲ್ಲದವನನ್ನು ಆ ಹಗ್ಗ ಕಟ್ಟಲಾರದು. ಪುಸ್ತಕ ಬಂದು ಎಂಟು ವರ್ಷಕ್ಕೆ, 1697ರ ಜನವರಿಯಲ್ಲಿ, ಎಡಿನ್‌ಬರೋದಲ್ಲಿ ಥಾಮಸ್ ಐಕನ್‌ಹೆಡ್ ಎಂಬ ಇಪ್ಪತ್ತರ ವಿದ್ಯಾರ್ಥಿಯನ್ನು ದೈವನಿಂದೆಗಾಗಿ ಗಲ್ಲಿಗೇರಿಸಿದರು. ಗೆಳೆಯರ ಮುಂದೆ ಆಡಿದ ಮಾತುಗಳೇ ಅವನ ವಿರುದ್ಧದ ಸಾಕ್ಷ್ಯ.

ಲಾಕ್‌ನ ಚಿಲಕವನ್ನು ತೆಗೆದ ತರ್ಕ ಬಹಳ ಸರಳ. 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಅದನ್ನು ಹೇಳಿದ. ದೇವರನ್ನು ನಂಬುವುದಿಲ್ಲ ಎಂದವರ ಸಾಕ್ಷ್ಯವನ್ನು ಆಗಿನ ಇಂಗ್ಲಿಷ್ ಕೋರ್ಟುಗಳು ತೆಗೆದುಕೊಳ್ಳುತ್ತಿರಲಿಲ್ಲ. ಅಂದರೆ ನಂಬದಿದ್ದರೂ ನಂಬುತ್ತೇನೆ ಎಂದು ಸುಳ್ಳು ಹೇಳಿದವನಿಗೆ ಕಟಕಟೆ ತೆರೆದಿತ್ತು, ನಂಬುವುದಿಲ್ಲ ಎಂದು ನಿಜ ಹೇಳಿದವನಿಗೆ ಮುಚ್ಚಿತ್ತು. ಸತ್ಯವನ್ನು ಕಾಯಲು ಇಟ್ಟ ಕಾವಲುಗಾರ ಸತ್ಯವಂತನನ್ನೇ ಹಿಡಿದು ಹೊರಗೆ ಹಾಕುತ್ತಿದ್ದ. ನನ್ನ ಮೇಷ್ಟರು ಆ ಕಾಲದ ಲಂಡನ್ನಿನಲ್ಲಿದ್ದಿದ್ದರೆ ಬದು ನನ್ನ ಕಕ್ಷಿದಾರನ ಪಾಲಾಗುತ್ತಿತ್ತು.

ಅದೇ ದೇಶದಲ್ಲಿ 1880ರಲ್ಲಿ ನಾರ್ಥಾಂಪ್ಟನ್ನಿನ ಮತದಾರರು ಚಾರ್ಲ್ಸ್ ಬ್ರಾಡ್ಲಾ ಎಂಬ ಬಹಿರಂಗ ನಾಸ್ತಿಕರನ್ನು ಪಾರ್ಲಿಮೆಂಟಿಗೆ ಆರಿಸಿದರು. ದೇವರ ಹೆಸರಿನ ಪ್ರಮಾಣದ ಬದಲು ಬರೀ ದೃಢೀಕರಣ ಹೇಳುತ್ತೇನೆ ಎಂದರು ಅವರು. ಸದನ ಒಪ್ಪಲಿಲ್ಲ. ಹಾಗಾದರೆ ಪ್ರಮಾಣವನ್ನೇ ಹೇಳುತ್ತೇನೆ ಎಂದರು. ನಂಬದವನ ಪ್ರಮಾಣ ಪ್ರಮಾಣವೇ ಅಲ್ಲ ಎಂದು ಅದನ್ನೂ ಒಪ್ಪಲಿಲ್ಲ. ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು. ಗಡಿಯಾರ ಗೋಪುರದಲ್ಲಿ ಕೂಡಿಹಾಕಿದ್ದೂ ಆಯಿತು. ಮತದಾರರು ಹಟ ಬಿಡದೆ ಮತ್ತೆ ಮತ್ತೆ ಅವರನ್ನೇ ಆರಿಸಿ ಕಳಿಸಿದರು. 1886ರಲ್ಲಿ ಕೊನೆಗೂ ಕುರ್ಚಿ ಸಿಕ್ಕಿತು, 1888ರಲ್ಲಿ ದೃಢೀಕರಣಕ್ಕೆ ಅವಕಾಶ ಕೊಡುವ ಕಾನೂನು ಅವರ ಪ್ರಯತ್ನದಿಂದಲೇ ಬಂತು. ಮರುವರ್ಷ ಇವರು ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು. 1891ರಲ್ಲಿ ತೀರಿಕೊಂಡಾಗ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿ ಅಂತ್ಯಕ್ರಿಯೆಗೆ ಹೋಗಿದ್ದರು. ವಾಪಸು ಬರುವಾಗ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ನಾಸ್ತಿಕ ಪಾದ್ರಿಯೊಬ್ಬರನ್ನು ಹಿಡಿದು ನಿನ್ನ ದೇವರ ಅಳತೆ ಎಷ್ಟು ಎಂದು ಛೇಡಿಸಿದ್ದನ್ನು ಕಂಡು ಗಾಂಧಿಗೆ ನಾಸ್ತಿಕತೆಯ ಮೇಲಿದ್ದ ಅಸಮಾಧಾನ ಇನ್ನಷ್ಟು ಹೆಚ್ಚಿತಂತೆ. ಹಾಗೆ ಛೇಡಿಸುವವರು ಇವತ್ತೂ ಇದ್ದಾರೆ, ಅವರಿಂದ ನಾಸ್ತಿಕರಿಗೇನೂ ಉಪಕಾರವಾಗಿಲ್ಲ. ಗಾಂಧಿ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಕೊನೆಗಾಲದಲ್ಲಿ ಆಂಧ್ರದ ನಾಸ್ತಿಕ ಗೋರಾ ಅವರನ್ನು ಆಶ್ರಮದಲ್ಲಿರಿಸಿಕೊಂಡು ವಾದ ಮಾಡಿದರು. ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಸೇವಾಗ್ರಾಮದಲ್ಲಿ ಮದುವೆ ಮಾಡುವುದೆಂದು ನಿಶ್ಚಯವಾದಾಗ, ವಿಧಿಯಲ್ಲಿ ದೇವರೆಂದು ಬರುವಲ್ಲಿ ಸತ್ಯ ಎಂದು ಹೇಳಿಸಲು ಗಾಂಧಿ ಒಪ್ಪಿದರು. ಮದುವೆ ನಡೆದದ್ದು 1948ರ ಮಾರ್ಚಿನಲ್ಲಿ. ಅಷ್ಟು ಹೊತ್ತಿಗೆ ಗಾಂಧಿ ಇರಲಿಲ್ಲ.

ಈಗ ನಮ್ಮ ಸಂವಿಧಾನಕ್ಕೆ ಬರುತ್ತೇನೆ. 1949ರ ಅಕ್ಟೋಬರ್ 17. ರಾಜೇಂದ್ರ ಪ್ರಸಾದರ ಅಧ್ಯಕ್ಷತೆಯಲ್ಲಿ ಸಂವಿಧಾನ ಸಭೆ ಪ್ರಸ್ತಾವನೆಯನ್ನು ಕೈಗೆತ್ತಿಕೊಂಡಿದೆ. ಹರಿ ವಿಷ್ಣು ಕಾಮತರು ಎದ್ದರು. ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, ಐ.ಸಿ.ಎಸ್. ಕೆಲಸ ಬಿಟ್ಟು ಸುಭಾಷರ ಫಾರ್ವರ್ಡ್ ಬ್ಲಾಕ್ ಸೇರಿದವರು. 'ಭಾರತದ ಜನತೆಯಾದ ನಾವು' ಎಂಬುದಕ್ಕೆ ಮೊದಲು 'ದೇವರ ಹೆಸರಿನಲ್ಲಿ' ಎಂದು ಸೇರಿಸಬೇಕು ಎಂಬುದು ಅವರ ತಿದ್ದುಪಡಿ. ದೇವರನ್ನು ನಂಬುವವರೇ ತುಂಬಿದ್ದ ಸಭೆ ಅದು. ಸುಲಭವಾಗಿ ಪಾಸಾಗಬೇಕಿತ್ತು. ಆಗಲಿಲ್ಲ. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆ ಎದ್ದು, ನಾನು ಆಸ್ತಿಕನೇ, ಆದರೆ ಇದು ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂದರು. ಹೃದಯನಾಥ ಕುಂಜ್ರು ಅವರದೂ ಅದೇ ಧಾಟಿ: ವಿಚಾರಸ್ವಾತಂತ್ರ್ಯ ಕೊಡುತ್ತೇವೆ ಎಂದು ಬರೆಯುವ ಪುಟದಲ್ಲೇ ಅದಕ್ಕೆ ವಿರುದ್ಧವಾದದ್ದನ್ನು ಬರೆಯುವುದೆ? ಅಸ್ಸಾಮಿನ ರೋಹಿಣಿ ಕುಮಾರ್ ಚೌಧರಿ ಕಾಮಾಖ್ಯೆಯ ಊರಿನ ಕಡೆಯವರು, ದೇವಿಯನ್ನು ಬಿಟ್ಟು ದೇವರನ್ನು ಮಾತ್ರ ಕರೆದರೆ ಶಾಕ್ತರಾದ ನಾವು ಒಪ್ಪುವುದಿಲ್ಲ ಎಂದು ತಕರಾರು ತೆಗೆದರು. ಅರ್ಧ ತಮಾಷೆ ಇರಬಹುದು, ಆದರೆ ಸಮಸ್ಯೆಯ ಬೇರು ಅಲ್ಲೇ ಇದೆ. ದೇವರ ಹೆಸರಿನಲ್ಲಿ ಎಂದ ತಕ್ಷಣ ಯಾವ ದೇವರು ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಕೊಡುವ ಕೆಲಸ ಸರ್ಕಾರದ ತಲೆಗೆ ಬೀಳುತ್ತದೆ.

ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಬಿಡಲಿಲ್ಲ, ಎಣಿಕೆಯೇ ಆಗಲಿ ಎಂದರು. ಪರವಾಗಿ 41, ವಿರುದ್ಧ 68. ಆ 68 ಜನರೆಲ್ಲ ನಾಸ್ತಿಕರೆಂದು ಯಾರಾದರೂ ಹೇಳಿದರೆ ಸಭೆಯ ಪಟ್ಟಿ ತೆಗೆದು ನೋಡಬೇಕು. ಪೂಜೆ ಮುಗಿಸಿ ಸಭೆಗೆ ಬರುತ್ತಿದ್ದವರೇ ಅವರಲ್ಲಿ ಎಷ್ಟೋ ಮಂದಿ. ದೇವರನ್ನು ಅವರು ಸೋಲಿಸಲಿಲ್ಲ, ಸರ್ಕಾರದ ಕೈಗೆ ಕೊಡಲಿಲ್ಲ, ಅಷ್ಟೆ. ಕಾಮತರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆ ದಿನದ ತೀರ್ಪು ಸರಿಯಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. 25ನೇ ಅನುಚ್ಛೇದದಲ್ಲಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕಿಗಿಂತ ಮೊದಲು ಬರುವುದು ಅಂತಃಸಾಕ್ಷಿಯ ಸ್ವಾತಂತ್ರ್ಯ. ನಮ್ಮ ಭಾಷೆಯಲ್ಲಿ ಕಟಕಟೆಯಲ್ಲಿ ನಿಂತವನೂ ಸಾಕ್ಷಿ, ಒಳಗೆ ಕೂತದ್ದೂ ಸಾಕ್ಷಿ. ಹೊರಗಿನವನಿಗೆ ಸಮನ್ಸ್ ಕಳಿಸಬಹುದು. ಒಳಗಿನದಕ್ಕೆ ಯಾವ ಅಮೀನ ಹೋಗಿ ಜಾರಿ ಮಾಡಬೇಕು? ಮೂರನೇ ಅನುಸೂಚಿಯಲ್ಲಿ ಮಂತ್ರಿಗಳ ಪ್ರಮಾಣವಚನಕ್ಕೆ ಎರಡು ಪದಗಳನ್ನು ಒಂದರ ಮೇಲೊಂದು ಅಚ್ಚು ಹಾಕಿದ್ದಾರೆ: ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೆ ಶ್ರದ್ಧಾಪೂರ್ವಕ ದೃಢೀಕರಣ. ಬೇಕಾದ್ದನ್ನು ಆರಿಸಿಕೊಳ್ಳಿ. 1969ರ ಪ್ರಮಾಣಗಳ ಕಾಯಿದೆ ಸಾಕ್ಷಿಗಳಿಗೂ ಅದೇ ಆಯ್ಕೆ ಕೊಟ್ಟಿದೆ. ನನ್ನ ಮೇಷ್ಟರನ್ನು ಉಳಿಸಿದ್ದು ಅದು.

ಆಣೆಗೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಧರ್ಮಸ್ಥಳದಲ್ಲಿ ಮಂಜುನಾಥನ ಮುಂದೆ ಆಣೆ ಎಂದರೆ ಸಾಲದ ವ್ಯಾಜ್ಯ, ಪಾಲಿನ ವ್ಯಾಜ್ಯ ಎಷ್ಟೋ ಅಲ್ಲೇ ಮುಗಿಯುತ್ತವೆ. ನನ್ನ ಫೀಸು ಹೋದದ್ದೂ ಉಂಟು. ಅದು ಫಲಿಸುವುದು ಎರಡೂ ಕಡೆಯವರು ತಾವಾಗಿ ನಂಬುವುದರಿಂದ. ಪೊಲೀಸರು ಜೀಪಿನಲ್ಲಿ ತಂದು ನಿಲ್ಲಿಸಿ ಆಣೆ ಮಾಡಿಸಿದರೆ ಅದು ಇನ್ನೊಂದು ಹೇಳಿಕೆ ಮಾತ್ರ. 2011ರಲ್ಲಿ ಒಬ್ಬ ಹಾಲಿ ಮುಖ್ಯಮಂತ್ರಿ, ಒಬ್ಬ ಮಾಜಿ ಮುಖ್ಯಮಂತ್ರಿ ಪರಸ್ಪರ ಸವಾಲು ಹಾಕಿಕೊಂಡು ಅಲ್ಲಿಗೆ ಹೋದದ್ದು ನಿಮಗೆ ನೆನಪಿರಬಹುದು. ದರ್ಶನ ಆಯಿತು, ಆಣೆ ಆಗಲಿಲ್ಲ. ನಂಬಿಕೆ ಇದ್ದದ್ದರಿಂದಲೇ ಆಗಲಿಲ್ಲವೇನೋ.

ಸರಿ, ನಿಷೇಧಿಸುತ್ತೇವೆ ಎಂದೇ ಇಟ್ಟುಕೊಳ್ಳಿ. ಮಸೂದೆ ಬರೆಯಲು ಕೂತರೆ ಮೊದಲ ಕಲಮಿನಲ್ಲೇ ಎಡವುತ್ತೇವೆ: ನಾಸ್ತಿಕ ಎಂದರೆ ಯಾರು? ಮನುಸ್ಮೃತಿಯ ಪ್ರಕಾರ ವೇದವನ್ನು ನಿಂದಿಸುವವನು. ಹಾಗಾದರೆ ಜೈನರು, ಬೌದ್ಧರು ಎಲ್ಲರೂ ಅಪರಾಧಿಗಳು. ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನ ಬರೆದವರ ಪ್ರಕಾರ ಪರಲೋಕವಿಲ್ಲ ಎನ್ನುವವನು. ಸೃಷ್ಟಿಕರ್ತನನ್ನು ಒಪ್ಪದವನು ಎಂದು ಬರೆಯೋಣವೇ? ಆಗ ಆಸ್ತಿಕ ದರ್ಶನಗಳ ಸಾಲಿನಲ್ಲೇ ಕೂತಿರುವ ಸಾಂಖ್ಯರನ್ನೂ ಮೀಮಾಂಸಕರನ್ನೂ ಏನು ಮಾಡುವುದು? ಹದಿನಾಲ್ಕನೇ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯರು ಬರೆದ 'ಸರ್ವದರ್ಶನ ಸಂಗ್ರಹ' ಶುರುವಾಗುವುದೇ ಚಾರ್ವಾಕ ದರ್ಶನದಿಂದ. ಒಪ್ಪಿ ಬರೆದದ್ದಲ್ಲ, ಖಂಡಿಸಲಿಕ್ಕೇ ಬರೆದದ್ದು. ಆದರೆ ಖಂಡಿಸುವ ಮೊದಲು ಎದುರಾಳಿ ಏನೆನ್ನುತ್ತಾನೆ ಎಂಬುದನ್ನು ನೆಟ್ಟಗೆ ಹೇಳಬೇಕು ಎಂಬ ಪೂರ್ವಪಕ್ಷದ ಶಿಸ್ತು ಅವರಿಗಿತ್ತು. ನಿಷೇಧದ ಕಾನೂನು ಮೊದಲು ಕೊಲ್ಲುವುದು ಈ ಶಿಸ್ತನ್ನು.

ಹೊರದೇಶಗಳಲ್ಲಿ ಇಂಥ ಕಾನೂನು ಇದೆಯೇ ಎಂದರೆ ಇದೆ. ಸೌದಿ ಅರೇಬಿಯಾದ ಗೃಹ ಇಲಾಖೆ 2014ರ ಮಾರ್ಚಿನಲ್ಲಿ ನಾಸ್ತಿಕ ವಿಚಾರದ ಪ್ರಚಾರವನ್ನು ಭಯೋತ್ಪಾದನೆಯ ಪಟ್ಟಿಗೆ ಸೇರಿಸಿತು. ಈಜಿಪ್ಟಿನಲ್ಲಿ 2017ರ ಕೊನೆಗೆ ನಾಸ್ತಿಕತೆಯನ್ನೇ ಅಪರಾಧವಾಗಿಸುವ ಮಸೂದೆಯ ಮಾತು ಸಂಸತ್ತಿನೊಳಗೆ ಎದ್ದಿತು. ಆದರೆ ನನಗೆ ಹೆಚ್ಚು ಕಲಿಸಿದ್ದು ಇಂಡೋನೇಷ್ಯಾ. ಅಲ್ಲಿನ ರಾಷ್ಟ್ರತತ್ವ ಪಂಚಶೀಲದ ಮೊದಲ ಅಂಶವೇ ಏಕದೇವನಲ್ಲಿ ನಂಬಿಕೆ. ಸರ್ಕಾರ ಮಾನ್ಯ ಮಾಡಿದ ಧರ್ಮಗಳು ಆರು. ಪಶ್ಚಿಮ ಸುಮಾತ್ರಾದ ಅಲೆಕ್ಸಾಂಡರ್ ಆನ್ ಎಂಬ ಸರ್ಕಾರಿ ನೌಕರ ದೇವರಿಲ್ಲ ಎಂದು ಫೇಸ್‌ಬುಕ್ಕಿನಲ್ಲಿ ಬರೆದ. ಜನ ಸೇರಿ ಹೊಡೆದರು. ಪೊಲೀಸರು ಹಿಡಿದದ್ದು ಹೊಡೆಸಿಕೊಂಡವನನ್ನು. 2012ರಲ್ಲಿ ಎರಡೂವರೆ ವರ್ಷದ ಸಜೆಯಾಯಿತು. ಅವನ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದನ್ನು ಗಮನಿಸಿ: ನೌಕರಿಯ ಅರ್ಜಿಯಲ್ಲಿ ಮುಸ್ಲಿಂ ಎಂದು ಸುಳ್ಳು ಬರೆದಿದ್ದಾನೆ. ನಿಜ ಬರೆಯಲು ಜಾಗವಿಲ್ಲದ ಅರ್ಜಿ ಕೊಟ್ಟವರು ಯಾರು? ಸುಳ್ಳು ಹೇಳಿಸಿದ್ದೂ ಸರ್ಕಾರ, ಸುಳ್ಳಿಗೆ ಕೇಸು ಹಾಕಿದ್ದೂ ಸರ್ಕಾರ.

ಈ ರೋಗ ಆಸ್ತಿಕ ಸರ್ಕಾರಗಳದ್ದು ಮಾತ್ರ ಎಂದು ನಮ್ಮ ವಿಚಾರವಾದಿ ಗೆಳೆಯರು ಬೀಗಬೇಕಾಗಿಲ್ಲ. ಅಲ್ಬೇನಿಯಾದ ಎನ್ವರ್ ಹೊಜಾ 1967ರಲ್ಲಿ ದೇಶದ ಎಲ್ಲ ಮಸೀದಿ, ಚರ್ಚುಗಳಿಗೆ ಬೀಗ ಜಡಿಸಿ ಜಗತ್ತಿನ ಮೊದಲ ನಾಸ್ತಿಕ ರಾಷ್ಟ್ರ ಎಂದು ಸಾರಿದ. ಮಗುವಿಗೆ ಜ್ಞಾನಸ್ನಾನ ಮಾಡಿಸಿದ್ದಕ್ಕಾಗಿ ಶ್ಟೆಫೆನ್ ಕುರ್ತಿ ಎಂಬ ಮುದಿ ಪಾದ್ರಿಯನ್ನು ಗುಂಡಿಕ್ಕಿ ಕೊಂದರು. ಸೋವಿಯತ್ ಒಕ್ಕೂಟದ ಕಥೆ ಇನ್ನೂ ಸ್ವಾರಸ್ಯ. 1937ರ ಜನವರಿಯ ಜನಗಣತಿಯಲ್ಲಿ ನೀವು ಧರ್ಮವನ್ನು ನಂಬುತ್ತೀರಾ ಎಂಬ ಪ್ರಶ್ನೆಯನ್ನು ಸ್ಟಾಲಿನ್ನನೇ ಸೇರಿಸಿದ. ಇಪ್ಪತ್ತು ವರ್ಷ ಚರ್ಚು ಒಡೆದಾಗಿತ್ತು, ನಾಸ್ತಿಕ ಸಂಘಗಳಿಗೆ ಸರ್ಕಾರದ ದುಡ್ಡು ಸುರಿದಾಗಿತ್ತು. ಆದರೂ 16 ವರ್ಷ ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಸುಮಾರು 5.5 ಕೋಟಿ, ಹೌದು ಎಂದರು. ಆ ಕಾಲದ ರಷ್ಯಾದಲ್ಲಿ ಮನೆಬಾಗಿಲಿಗೆ ಬಂದ ಸರ್ಕಾರಿ ನೌಕರನಿಗೆ ಹಾಗೆ ಹೇಳಲು ಎಂಥ ಎದೆ ಬೇಕಿತ್ತು ಎಂದು ಯೋಚಿಸಿ. ಒಟ್ಟು ಜನಸಂಖ್ಯೆಯೂ ನಿರೀಕ್ಷೆಗಿಂತ ಕಡಿಮೆ ಬಂದಿತ್ತು. ಗಣತಿಯನ್ನೇ ಮುಚ್ಚಿಹಾಕಿ, ಲೆಕ್ಕ ಹಾಕಿದ ಅಧಿಕಾರಿಗಳನ್ನು ಬಂಧಿಸಿದರು. 1939ರಲ್ಲಿ ಮತ್ತೆ ಎಣಿಸಿದಾಗ ಆ ಪ್ರಶ್ನೆ ಇರಲಿಲ್ಲ.

ಹಾಗಾದರೆ ಸರ್ಕಾರ ಕೈಕಟ್ಟಿ ಕೂರಬೇಕೆ? ಇಲ್ಲ. ಅದರ ಕೆಲಸ ಬೇರೆ. ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ. ಜೈನರು ಬುಕ್ಕರಾಯನ ಬಳಿ ದೂರು ಒಯ್ದರು. ಜಗತ್ತನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆ ಎಂಬುದನ್ನೇ ಒಪ್ಪದ ಮತ ಅವರದು. ಬುಕ್ಕರಾಯ ಯಾರ ಸಿದ್ಧಾಂತ ನಿಜ ಎಂದು ವಿಚಾರಣೆ ಇಡಲಿಲ್ಲ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಜೈನರಿಗೆ ಮೊದಲಿನಂತೆ ಪಂಚಮಹಾವಾದ್ಯ, ಕಳಶ ಸಲ್ಲಬೇಕು ಎಂದ. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯನ ಮೂಲಕ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನವರನ್ನು ನೇಮಿಸಬೇಕು, ಉಳಿದದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂದ. ಅಂದರೆ ಜೈನರ ದೇವರನ್ನು ಕಾಯುವ ಹೊಣೆ ವೈಷ್ಣವರ ಹಿರಿಯರದು! ವಾದ್ಯ, ಕಾವಲು, ಸುಣ್ಣ. ಸರ್ಕಾರದ ಕೆಲಸದ ಪಟ್ಟಿಗೆ ಇದಕ್ಕಿಂತ ಚೆನ್ನಾದ ಕರಡನ್ನು ನಾನು ನೋಡಿಲ್ಲ.

ನಮ್ಮಲ್ಲಿ ಹಿಂದೆ ಎಲ್ಲವೂ ಹೀಗೇ ಇತ್ತು ಎಂದರೆ ಸುಳ್ಳಾಗುತ್ತದೆ. ಇದೇ ನಾಡಿನ ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ, ಜಿನಬಿಂಬ ಒಡೆದ ಕಥೆಯನ್ನು ಹೆಮ್ಮೆಯಿಂದಲೇ ಕೆತ್ತಿದ್ದಾರೆ. ಎರಡೂ ಕಲ್ಲು ನಮ್ಮವೇ. ಯಾವುದನ್ನು ಮಾದರಿ ಎನ್ನಬೇಕೆಂಬುದು ನಮ್ಮ ಕೈಲಿದೆ.

ನಮ್ಮ ಕಾಲದಲ್ಲಿ ಒಂದು ಒಳ್ಳೆಯ ಕೆಲಸವೂ ನಡೆದಿದೆ. ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ, 'ದೇವರು' ಎಂಬ ಪುಸ್ತಕ ಹೊರತಂದರು. ದೇವರಿಲ್ಲ ಎಂದು ಸಾವಧಾನವಾಗಿ, ಯಾರನ್ನೂ ಛೇಡಿಸದೆ ವಾದಿಸಿದ ಪುಸ್ತಕ. ಕರ್ನಾಟಕ ಸರ್ಕಾರ ಅದಕ್ಕೆ ಪಂಪ ಪ್ರಶಸ್ತಿ ಕೊಟ್ಟಿತು. ದೇವಸ್ಥಾನಗಳನ್ನು ನೋಡಿಕೊಳ್ಳುವ ಮುಜರಾಯಿ ಇಲಾಖೆಯೂ ಅದೇ ಸರ್ಕಾರದ್ದು. ಅತ್ತ ಆ ಇಲಾಖೆ, ಇತ್ತ ಈ ಪ್ರಶಸ್ತಿ, ಎರಡೂ ಒಂದೇ ಖಜಾನೆಯಿಂದ. ಯಾವ ಗುಡಿಯ ದೀಪವೂ ಆರಲಿಲ್ಲ.

ಭಾರತದಲ್ಲಿ ನಾಸ್ತಿಕತೆಯನ್ನು ನಿಷೇಧಿಸುವ ಕಾನೂನು ಇಲ್ಲ, ಬರುವ ಸೂಚನೆಯೂ ಇಲ್ಲ. ನನ್ನ ಭಯ ಬೀದಿಯದು. ಪುಣೆಯಲ್ಲಿ 2013ರ ಆಗಸ್ಟ್ 20ರಂದು ಬೆಳಗಿನ ವಾಕಿಂಗಿಗೆ ಹೋದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಮನೆಗೆ ಬರಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಕಲಬುರ್ಗಿಯವರು ಬಾಳೆಲ್ಲ ವಚನಗಳನ್ನು ಶೋಧಿಸಿದವರು, ನಾಸ್ತಿಕರೆಂದು ಕರೆಯುವುದೇ ಕಷ್ಟ. ಕಾನೂನು ಕೈ ಹಾಕದ ಜಾಗಕ್ಕೆ ಪಿಸ್ತೂಲು ಬಂತು. ಭಾವನೆಗೆ ಧಕ್ಕೆ ಎಂಬ ದೂರು ಇನ್ನೊಂದು ದಾರಿ. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಂ, ಈಗ ನ್ಯಾಯ ಸಂಹಿತೆಯ 299, ಬುದ್ಧಿಪೂರ್ವಕ ದುರುದ್ದೇಶ ಇರಬೇಕು ಎನ್ನುತ್ತದೆ. ಎಫ್‌ಐಆರ್ ಹಾಕುವಾಗ ಆ ಪದಗಳನ್ನು ಓದುವವರು ಕಡಿಮೆ. ಕೊನೆಗೆ ಖುಲಾಸೆ ಆಗಬಹುದು. ಆದರೆ ಏಳು ವರ್ಷ ವಾಯಿದೆಗೆ ಅಲೆದವನಿಗೆ ಅದೇ ಶಿಕ್ಷೆ. ನಲವತ್ತು ವರ್ಷ ವಾಯಿದೆ ಕೇಳಿದವನಾಗಿ ಹೇಳುತ್ತಿದ್ದೇನೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. 2014ರಲ್ಲಿ ಬಾಂಬೆ ಹೈಕೋರ್ಟಿನ ಪೀಠವೊಂದು, ಮುಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾದ ಅಭಯ್ ಓಕಾ ಅದರಲ್ಲಿದ್ದರು, ಯಾವ ಸರ್ಕಾರಿ ಫಾರಮ್ಮಿನಲ್ಲೂ ಧರ್ಮವನ್ನು ಘೋಷಿಸಬೇಕೆಂದು ಒತ್ತಾಯಿಸುವಂತಿಲ್ಲ, ಯಾವ ಧರ್ಮಕ್ಕೂ ಸೇರಿಲ್ಲ ಎನ್ನುವ ಹಕ್ಕೂ ಇದೆ ಎಂದು ತೀರ್ಪಿತ್ತಿತು. 2011ರ ಜನಗಣತಿಯಲ್ಲಿ ನಾಸ್ತಿಕರೆಂದು ಬರೆಸಿದವರು ಇಡೀ ದೇಶದಲ್ಲಿ 33,304 ಜನ. ನಮ್ಮ ಒಂದು ಹೋಬಳಿಯಷ್ಟು. ಇಷ್ಟು ಕಡಿಮೆ ಏಕೆ ಎಂದು ಯೋಚಿಸುವಾಗ ನನ್ನ ಮನೆಯ ಜಗಲಿಯೇ ಕಣ್ಮುಂದೆ ಬಂತು. ಅವತ್ತು ಗಣತಿಗೆ ಬಂದ ಶಿಕ್ಷಕಿ ಕೇಳಿದಾಗ ಮನೆಯ ಆರೂ ಜನರ ಪರವಾಗಿ ನಾನೊಬ್ಬನೇ ಒಂದು ಪದ ಹೇಳಿದೆ. ಹೆಂಡತಿ ಒಳಗೇ ಇದ್ದಳು, ದೊಡ್ಡ ಮಗ ಮಹಡಿಯಲ್ಲಿದ್ದ. ಯಾರನ್ನೂ ಕೇಳಲಿಲ್ಲ. ಅಂತಃಸಾಕ್ಷಿಯ ಮೇಲೆ ಭಾಷಣ ಮಾಡುವವನ ಮನೆಯ ಸ್ಥಿತಿ ಇದು. ಮರುದಿನ ಊಟಕ್ಕೆ ಕೂತಾಗ ಮಗ, 'ನನ್ನದು ಏನಂತ ಬರೆಸಿದ್ರಿ ಅಪ್ಪ?' ಅಂದ. ಹೇಳಿದೆ. ಅವನು ಏನೂ ಅನ್ನದೆ ಸಾರು ಬಡಿಸಿಕೊಂಡ.

2027ರ ಜನಗಣತಿಯವರು ನಿಮ್ಮ ಬಾಗಿಲಿಗೆ ಬಂದಾಗ ಮನೆಯಲ್ಲಿರುವ ಪ್ರಾಯದವರನ್ನೆಲ್ಲ ಹೊರಗೆ ಕರೆಯಿರಿ. ಧರ್ಮದ ಕಾಲಮ್ಮಿಗೆ ಅವರವರ ಉತ್ತರ ಅವರವರೇ ಹೇಳಲಿ. ಏನು ಹೇಳಿದರೂ ಹಾಗೇ ಬರೆಸಿ.